ಗಾಳದ ನೊಣ, ಕಾಡುಹುಂಜದ ಗರಿ

ದೆಹಲಿಯಿಂದ ಉತ್ತರಕ್ಕೆ, ಕುಲೂ ಸೀಮೆಯ ತೀರ್ಥನ್ ನದಿಗೋ ಕಾಶ್ಮೀರದ ಲಿದ್ದರ್ ನದಿಗೋ ಟ್ರೌಟ್ ಮೀನನ್ನು ಅರಸಿ ಹೋಗುವ ಹವ್ಯಾಸಿಗಳ ಚೀಲದಲ್ಲಿ ಅಂಗೈಯಗಲದ ಒಂದು ಪೆಟ್ಟಿಗೆ ಇರುವುದುಂಟು. ಅದರ ಮುಚ್ಚಳ ತೆರೆದರೆ ಸಾಲುಸಾಲಾಗಿ ಕುಳಿತ ಕೀಟಗಳು ಕಾಣುತ್ತವೆ. ಹತ್ತಿರದಿಂದ ನೋಡಿದಾಗಲೇ ಅವು ಕೀಟಗಳಲ್ಲವೆಂಬುದು ಹೊಳೆಯುವುದು. ಸಣ್ಣ ಗಾಳದ ಮೈಗೆ ರೇಷ್ಮೆಯ ಎಳೆ, ಪ್ರಾಣಿಯ ರೋಮ, ಹಕ್ಕಿಯ ಗರಿಗಳನ್ನು ಸುತ್ತಿ ಕಟ್ಟಿದ ಕೈಗೆಲಸ ಅದು. ಇಂಗ್ಲಿಷಿನಲ್ಲಿ ಅದಕ್ಕೆ ಫ್ಲೈ, ಎಂದರೆ ನೊಣ, ಎಂದೇ ಹೆಸರು. ಕನ್ನಡದಲ್ಲಿ ಅದನ್ನು ಹುಸಿನೊಣವೆಂದು ಕರೆಯಬಹುದು. ಹಳೆಯ ಕಾಲದ ಪೆಟ್ಟಿಗೆಯಾದರೆ ಅದರಲ್ಲಿನ ಕೆಲವು ಹುಸಿನೊಣಗಳ ಎರಡು ಕೆನ್ನೆಗಳಲ್ಲಿ, ಕಣ್ಣಿರಬೇಕಾದ ಸ್ಥಳದಲ್ಲಿ, ಅರಗು ಕರಗಿ ಬಿದ್ದು ಗಟ್ಟಿಯಾದಂತೆ ಬಿಳಿಹಳದಿಯ ಚುಕ್ಕೆಯೊಂದು ಮಿನುಗುತ್ತಿರುತ್ತದೆ. ಅದು ಬಣ್ಣ ಬಳಿದದ್ದಲ್ಲ. ದಕ್ಷಿಣ ಭಾರತದ ಕಾಡುಗಳಲ್ಲಿ, ಮಲೆನಾಡಿನಲ್ಲಿ, ಕೊಡಗಿನಲ್ಲಿ, ಬೆಳಗಿನ ಜಾವ ಕೂಗುವ ಕಾಡುಹುಂಜದ ಕೊರಳಿನ ಗರಿ ಅದು.

ಹುಸಿನೊಣ ಕಟ್ಟುವ ವಿದ್ಯೆಯನ್ನು ಪಾಶ್ಚಾತ್ಯರದೆಂದು ಎಣಿಸುವುದು ವಾಡಿಕೆ. ಅದು ಬಹುಮಟ್ಟಿಗೆ ನಿಜವೂ ಹೌದು. ಆದರೆ ಆ ವಿದ್ಯೆಯ ಚರಿತ್ರೆಯಲ್ಲಿ ಕನ್ನಡ ನಾಡಿಗೂ ಒಂದು ಪಾಲಿದೆ. ಆ ಪಾಲು ಎಷ್ಟು, ಯಾವ ಬಗೆಯದು ಎಂಬುದನ್ನು ಅಭಿಮಾನಕ್ಕೆ ಸೋಲದೆ ಅಳೆದು ನೋಡುವುದು ಪ್ರಕೃತ ವಿಷಯ.

ಮೀನಿಗೆ ಗಾಳ ಒಡ್ಡುವುದರಲ್ಲಿ ಎರಡು ಮಾರ್ಗಗಳಿವೆ. ಒಂದು ಎರೆಯ ಮಾರ್ಗ. ಹುಳುವನ್ನೋ ಹಿಟ್ಟಿನ ಉಂಡೆಯನ್ನೋ ಗಾಳಕ್ಕೆ ಸಿಕ್ಕಿಸಿ ನೀರಿಗೆ ಇಳಿಬಿಡುವುದು. (ಎರೆ ಎಂಬ ಮಾತಿಗೆ ಮೀನಿಗೆ ಒಡ್ಡುವ ತಿನಿಸು ಎಂಬ ಅರ್ಥ ಹಳೆಯದು. ಎರೆಹುಳು ಎಂಬ ಹೆಸರನ್ನು ಇದರಿಂದ ಬಿಡಿಸಬೇಕೋ ಎರೆಮಣ್ಣಿನಿಂದ ಬಿಡಿಸಬೇಕೋ ಎಂಬುದು ನಿಘಂಟುಕಾರರಿಗೆ ಸೇರಿದ ವ್ಯಾಜ್ಯ.) ಇನ್ನೊಂದು ನೊಣದ ಮಾರ್ಗ. ಎರೆ ಮೀನಿನ ಮೂಗನ್ನೂ ನಾಲಗೆಯನ್ನೂ ಕರೆಯುತ್ತದೆ. ಹುಸಿನೊಣಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಅದು ಕಣ್ಣನ್ನು ಮಾತ್ರ ಮೋಸಗೊಳಿಸಬೇಕು, ಅದೂ ಮೀನು ಬಾಯಿ ಹಾಕಿ ಉಗಿಯುವುದರೊಳಗಿನ ಕ್ಷಣಕಾಲ. ಆದುದರಿಂದ ಎರೆಯವನಿಗೆ ಬೇಡವಾದ ಒಂದು ಕುಶಲತೆ ನೊಣದವನಿಗೆ ಅವಶ್ಯವಾಗುತ್ತದೆ: ನೀರಿನ ಮೇಲಿನ ಕೀಟವನ್ನು ನೋಡಿ, ಅದರ ನೆರಳಿನಂಥದನ್ನು ಬೆರಳ ತುದಿಯಲ್ಲಿ ಕಟ್ಟಬಲ್ಲ ಕುಶಲತೆ.

ಇದರ ಅತಿ ಪ್ರಾಚೀನವಾದ ಸ್ಪಷ್ಟ ವರ್ಣನೆ ದೊರೆಯುವುದು ಈಲಿಯನ್ ಎಂಬ ರೋಮನ್ ಲೇಖಕನು ಸುಮಾರು ಕ್ರಿ. ಶ. ೨೦೦ರಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ಪ್ರಾಣಿವಿಷಯಕ ಗ್ರಂಥದಲ್ಲಿ. ಮ್ಯಾಸಿಡೋನಿಯಾದ ಜನ ಅಸ್ಟ್ರೇಯಸ್ ಎಂಬ ನದಿಯಲ್ಲಿ ಮೀನು ಹಿಡಿಯುವಾಗ ಗಾಳಕ್ಕೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಗಲ್ಲದ ಜೋಲಿನ ಕೆಳಗೆ ಬೆಳೆಯುವ ಮೇಣದ ಬಣ್ಣದ ಎರಡು ಗರಿಗಳನ್ನು ಅದಕ್ಕೆ ಕಟ್ಟುತ್ತಿದ್ದರೆಂದು ಅವನು ತಿಳಿಸುತ್ತಾನೆ. ಉಣ್ಣೆಯ ಮೈ, ಹುಂಜದ ಕೊರಳ ಗರಿ: ಸಾವಿರದ ಎಂಟುನೂರು ವರ್ಷಗಳ ಮೇಲೆಯೂ ಈ ಕಸುಬಿನ ತಳಹದಿ ಇದೇ ಆಗಿದೆ. ಹುಂಜವಾದರೋ ಮೂಲತಃ ಏಷ್ಯದ ಹಕ್ಕಿ. ಆ ದೃಷ್ಟಿಯಿಂದ ಮ್ಯಾಸಿಡೋನಿಯಾದ ನೊಣಕ್ಕೂ ಪೂರ್ವದೇಶದ ಋಣವಿತ್ತು.

ಭಾರತದಲ್ಲಿ ಗಾಳದ ವಿದ್ಯೆಯನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿ ಬರೆದವನು ಕನ್ನಡ ನಾಡಿನ ಅರಸು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು, ಆರನೆಯ ವಿಕ್ರಮಾದಿತ್ಯನ ಮಗ, ಸುಮಾರು ಕ್ರಿ. ಶ. ೧೧೩೦ರ ವೇಳೆಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥ ಚಿಂತಾಮಣಿ' ಎಂಬ ಗ್ರಂಥ ವಿದ್ವಾಂಸರಿಗೆ ಸುಪರಿಚಿತವಾದದ್ದು. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು. ರಾಜ್ಯವನ್ನು ಪಡೆಯುವುದು, ಅದನ್ನು ಸ್ಥಿರಗೊಳಿಸುವುದು, ಅನಂತರ ಭೋಗ, ವಿನೋದ, ಕ್ರೀಡೆಗಳು ಹೀಗೆ ಅದರ ಕ್ರಮ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ೧೯೨೬ರಲ್ಲಿ ಇದರ ಒಂದು ಭಾಗವನ್ನು ಸಂಪಾದಿಸಿ ಹೊರತಂದರು. ಬರೋಡೆಯ ಗಾಯಕವಾಡ ಮಾಲೆಯಲ್ಲಿ ಜಿ. ಕೆ. ಶ್ರೀಗೊಂಡೇಕರರ ಸಂಪಾದಕತ್ವದಲ್ಲಿ ೧೯೨೫, ೧೯೩೯, ೧೯೬೧ರಲ್ಲಿ ಮೂರು ಸಂಪುಟಗಳು ಹೊರಬಂದವು.

ಇದರ ಸಂಗೀತ, ಪಾಕ, ಚಿತ್ರಕಲೆಯ ಭಾಗಗಳ ಮೇಲೆ ಆದಷ್ಟು ಚರ್ಚೆ ವಿನೋದವಿಂಶತಿಯ 'ಮತ್ಸ್ಯವಿನೋದ'ದ ಮೇಲೆ ಆಗಿಲ್ಲ. ಅದಕ್ಕೆ ಕಾರಣವೂ ಇಲ್ಲದಿಲ್ಲ. ಸಂಸ್ಕೃತ ಬಲ್ಲವರಿಗೆ ಮೀನು ತಿಳಿಯದು, ಮೀನು ಬಲ್ಲವರಿಗೆ ಸಂಸ್ಕೃತ ತಿಳಿಯದು. ಈ ಕೊರತೆಯನ್ನು ಮೊದಲು ತುಂಬಿದವರು ಭಾಷಾಪಂಡಿತರಲ್ಲ, ಒಬ್ಬ ಪ್ರಾಣಿಶಾಸ್ತ್ರಜ್ಞರು. ಭಾರತೀಯ ಪ್ರಾಣಿಸರ್ವೇಕ್ಷಣ ಇಲಾಖೆಯ ನಿರ್ದೇಶಕರಾಗಿದ್ದ ಸುಂದರ ಲಾಲ್ ಹೋರಾ ಅವರು ೧೯೫೧ರಲ್ಲಿ ಕಲಕತ್ತೆಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಅಧ್ಯಾಯವನ್ನು ಕುರಿತು ಬರೆದು, ಗಾಳಗಾರಿಕೆಯ ವಿಷಯದಲ್ಲಿ ಇಷ್ಟು ಅನುಭವದ ಮಾತು ಪ್ರಾಚೀನ ಸಾಹಿತ್ಯದಲ್ಲಿದೆಯೆಂದು ತೋರಿಸಿಕೊಟ್ಟರು. ೨೦೦೫ರಲ್ಲಿ ನಳಿನಿ ಸಾಧಲೆ ಮತ್ತು ವೈ. ಎಲ್. ನೆನೆ ಅವರು ಇದೇ ವಿಷಯವನ್ನು ಮತ್ತೆ ಎತ್ತಿಕೊಂಡು ಅಲ್ಲಿ ಬರುವ ಸುಮಾರು ಮೂವತ್ತೈದು ಬಗೆಯ ಮೀನುಗಳನ್ನು ವಿವೇಚಿಸಿದರು.

ಸೋಮೇಶ್ವರನ ಬರವಣಿಗೆಯ ಗುಣ ಎದ್ದು ಕಾಣುವುದು ಅವನು ಮೀನುಗಳನ್ನು ವಿಂಗಡಿಸುವ ರೀತಿಯಲ್ಲಿ. ಕಡಲಿನವು, ಹೊಳೆಯವು, ಪೊರೆಯುಳ್ಳವು, ಪೊರೆಯಿಲ್ಲದವು, ದೊಡ್ಡವು, ಚಿಕ್ಕವು. ಯಾವ ಮೀನು ಯಾವ ತಿನಿಸಿಗೆ ಬರುತ್ತದೆ ಎಂಬುದು ಅವನಿಗೆ ಮುಖ್ಯ. ಹಿಟ್ಟು ಹಿಂಡಿಗಳ ಉಂಡೆಯನ್ನಿಕ್ಕಿ ಮೀನನ್ನು ಒಂದೆಡೆಗೆ ರೂಢಿಮಾಡಿಸಿ, ಕೊಬ್ಬಿಸಿ, ಅನಂತರ ಗಾಳ ಹಾಕುವುದು ಅರಮನೆಯ ವಿನೋದಕ್ಕೆ ತಕ್ಕ ಸಾವಧಾನದ ವಿಧಾನ. ಕೋಲು, ಹುರಿ, ಗಾಳ ಇವುಗಳ ಲಕ್ಷಣವನ್ನೂ ಅವನು ಬಿಡುವುದಿಲ್ಲ. ಇಂಗ್ಲೆಂಡಿನಲ್ಲಿ ಇದೇ ವಿಷಯದ ಮೊದಲ ಮುದ್ರಿತ ಗ್ರಂಥ ಹೊರಬಂದದ್ದು ೧೪೯೬ರಲ್ಲಿ, ವೆಸ್ಟ್‌ಮಿನ್‌ಸ್ಟರ್‌ನ ವಿಂಕಿನ್ ಡಿ ವೋರ್ಡ್ ಎಂಬವನ ಮುದ್ರಣಾಲಯದಿಂದ. ಡೇಮ್ ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಅದರ ಕರ್ತೃವೆಂಬ ಐತಿಹ್ಯವಿದ್ದರೂ ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಕಲ್ಯಾಣದ ಅರಸನಿಗೂ ಆ ಗ್ರಂಥಕ್ಕೂ ನಡುವೆ ಮೂರೂವರೆ ಶತಮಾನಕ್ಕೂ ಮಿಗಿಲಾದ ಅಂತರ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಅಂತರವನ್ನು ಹಿಡಿದು ಹುಸಿನೊಣದ ವಿದ್ಯೆಯೂ ನಮ್ಮಲ್ಲೇ ಹುಟ್ಟಿತೆಂದು ಸಾರುವ ಉತ್ಸಾಹ ಯಾರಿಗಾದರೂ ಬರಬಹುದು. ಹೊರನಾಡಿನ ಕನ್ನಡಿಗರ ಸಭೆಗಳಲ್ಲಿ ಇಂಥ ಉತ್ಸಾಹಕ್ಕೆ ಚಪ್ಪಾಳೆಯೂ ಸಿಕ್ಕೀತು. ಆಧಾರ ಅದಕ್ಕೆ ಒಪ್ಪುವುದಿಲ್ಲ. ಮತ್ಸ್ಯವಿನೋದದ ಗಾಳಕ್ಕೆ ಬೀಳುವುದೆಲ್ಲ ತಿನ್ನುವ ವಸ್ತು. ಗರಿ ಕಟ್ಟಿದ ಗಾಳವನ್ನು ವಿದ್ವಾಂಸರು ಅಲ್ಲಿ ಗುರುತಿಸಿಲ್ಲ. ೧೪೯೬ರ ಇಂಗ್ಲಿಷ್ ಗ್ರಂಥದಲ್ಲಾದರೋ ಹನ್ನೆರಡು ಹುಸಿನೊಣಗಳನ್ನು ತಿಂಗಳಿನ ಪ್ರಕಾರ ಹೆಸರಿಸಿ, ಯಾವುದಕ್ಕೆ ಯಾವ ಬಣ್ಣದ ಉಣ್ಣೆ, ಯಾವ ಹಕ್ಕಿಯ ಗರಿ ಎಂಬುದನ್ನು ಕೊಟ್ಟಿದೆ. ಇದು ಹೆಚ್ಚುಕಡಿಮೆಯ ಪ್ರಶ್ನೆಯಲ್ಲ, ನೀರಿನ ಪ್ರಶ್ನೆ. ಟ್ರೌಟ್ ಮೀನು ತಣ್ಣನೆಯ, ತಿಳಿಯಾದ ತೊರೆಯಲ್ಲಿ ಮೇಲೆ ಬಂದು ಕೀಟವನ್ನು ತಿನ್ನುತ್ತದೆ. ಅಲ್ಲಿ ನೊಣ ಹುಟ್ಟಿತು. ದಖ್ಖನಿನ ಮಣ್ಣು ಬೆರೆತ ಹೊಳೆಗಳಲ್ಲಿ, ಕೆರೆಗಳಲ್ಲಿ, ಮೀನು ಕಣ್ಣಿಗಿಂತ ಮೂಗನ್ನು ನಂಬುತ್ತದೆ. ಅಲ್ಲಿ ಹಿಟ್ಟಿನ ಉಂಡೆ ಗೆದ್ದಿತು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಭೀಮೇಶ್ವರಿ, ಗಾಲಿಬೋರೆಗಳ ಕಾವೇರಿ ತೀರದಲ್ಲಿ ದೇಶವಿದೇಶದ ಗಾಳಗಾರರು ಭಾರಿ ಮಹಸೀರ್ ಮೀನುಗಳನ್ನು ಹಿಡಿದದ್ದು ಬಹುಪಾಲು ಬೇಯಿಸಿ ನಾದಿದ ರಾಗಿಹಿಟ್ಟಿನ ಉಂಡೆಯಿಂದ ಎಂಬುದನ್ನು ಕೇಳಿದ್ದರೆ ಸೋಮೇಶ್ವರನಿಗೆ ಆಶ್ಚರ್ಯವಾಗುತ್ತಿರಲಿಲ್ಲ.

ನೊಣದ ವಿದ್ಯೆ ಕನ್ನಡ ನಾಡಿಗೆ ಕಾಲಿಟ್ಟದ್ದು ಬ್ರಿಟಿಷ್ ಅಧಿಕಾರಿಗಳೊಡನೆ. ಅವರಲ್ಲಿ ಒಬ್ಬನ ಹೆಸರು ಮರೆಯುವಂಥದಲ್ಲ. ಮದರಾಸು ಸಿವಿಲ್ ಸರ್ವಿಸಿಗೆ ಸೇರಿದ ಹೆನ್ರಿ ಸಲಿವನ್ ಥಾಮಸ್ ಎಂಬಾತ ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದಾಗ ಆ ಜಿಲ್ಲೆಯ ಹೊಳೆಗಳನ್ನು ಕಡತಕ್ಕಿಂತ ಹೆಚ್ಚಿನ ಪ್ರೀತಿಯಿಂದ ಓದಿದ. ದಕ್ಷಿಣ ಕನ್ನಡದ ಮೀನುಸಾಕಣೆಯನ್ನು ಕುರಿತ ಅವನ ವರದಿ ೧೮೭೦ರಲ್ಲಿ ಪ್ರಕಟವಾಯಿತು. ಮೂರು ವರ್ಷದ ಮೇಲೆ, ೧೮೭೩ರಲ್ಲಿ, 'ದಿ ರಾಡ್ ಇನ್ ಇಂಡಿಯಾ' ಎಂಬ ಅವನ ದೊಡ್ಡ ಗ್ರಂಥ ಮಂಗಳೂರಿನಲ್ಲೇ ಅಚ್ಚಾಯಿತು. ಅಚ್ಚು ಹಾಕಿದ್ದು ಬಾಸೆಲ್ ಮಿಷನ್ ಮುದ್ರಣಾಲಯ. ೧೮೪೩ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಅಚ್ಚುಹಾಕಿದ, ಮುಂದೆ ೧೮೯೪ರಲ್ಲಿ ಕಿಟ್ಟೆಲ್ಲರ ನಿಘಂಟನ್ನು ಹೊರತಂದ ಅದೇ ಮುದ್ರಣಾಲಯ! ಕನ್ನಡ ಸಾಹಿತ್ಯದ ಚರಿತ್ರೆಕಾರರು ಆ ಮುದ್ರಣಾಲಯವನ್ನು ನೆನೆಯುವಾಗ ಈ ಪುಸ್ತಕವನ್ನು ನೆನೆಯುವುದಿಲ್ಲ. ಗಾಳಗಾರರು ಪುಸ್ತಕವನ್ನು ನೆನೆಯುವಾಗ ಮಂಗಳೂರನ್ನು ನೆನೆಯುವುದಿಲ್ಲ. ೧೮೮೧ ಮತ್ತು ೧೮೯೭ರಲ್ಲಿ ಅದರ ಮುಂದಿನ ಆವೃತ್ತಿಗಳು ಬಂದವು. ಭಾರತದಲ್ಲಿ ಗಾಳ ಹಿಡಿದ ಎರಡು ತಲೆಮಾರಿನ ಇಂಗ್ಲಿಷರಿಗೆ ಅದು ಆಕರಗ್ರಂಥವಾಯಿತು.

ಥಾಮಸನು ಕೇವಲ ವಿನೋದಪ್ರಿಯನಲ್ಲ. ಮಹಸೀರ್ ತನ್ನ ಮೊಟ್ಟೆಗಳನ್ನು ಒಂದೇ ಸಲಕ್ಕೆ ಇಡದೆ, ಕೋಳಿಯಂತೆ ಕಂತುಕಂತಾಗಿ ಇಡುತ್ತದೆಂದು ಅವನು ಅಭಿಪ್ರಾಯಪಟ್ಟ. ಹೊಳೆಗೆ ವಿಷ ಹಾಕುವುದು, ಮರಿಮೀನೂ ಉಳಿಯದಂಥ ಸಣ್ಣ ಕಣ್ಣಿನ ಬಲೆ ಬೀಸುವುದು, ಇವುಗಳ ವಿಷಯದಲ್ಲಿ ಅವನಿಗೆ ಆತಂಕವಿತ್ತು. ಸಿಡಿಮದ್ದು ಮತ್ತು ವಿಷದಿಂದ ಮೀನು ಕೊಲ್ಲುವುದನ್ನು ತಡೆಯುವ ಭಾರತೀಯ ಮೀನುಗಾರಿಕೆ ಕಾಯಿದೆ ೧೮೯೭ರಲ್ಲಿ ಜಾರಿಗೆ ಬಂದಿತು. ಅಂದಮಾತ್ರಕ್ಕೆ ಮೀನಿನ ರಕ್ಷಣೆ ಹೊರಗಿನವರು ಕಲಿಸಿದ ಪಾಠವೆಂದು ತಿಳಿಯಬಾರದು. ತುಂಗೆಯ ದಡದ ಶೃಂಗೇರಿಯಲ್ಲಿ, ಕಪಿಲೆಯ ದಡದ ಶಿಶಿಲದಲ್ಲಿ, 'ದೇವರ ಮೀನು'ಗಳನ್ನು ಹಿಡಿಯದೆ ಅಕ್ಕಿ ಪುರಿ ಹಾಕಿ ಸಾಕುವ ವಾಡಿಕೆ ಯಾವ ಕಾಯಿದೆಯನ್ನೂ ಕಾದು ಕುಳಿತಿರಲಿಲ್ಲ.

ಉತ್ತರದಲ್ಲಿ ಟ್ರೌಟ್ ಬಂದ ಕಥೆಯನ್ನು ಇಲ್ಲಿ ಬೇಗ ಹೇಳಿ ಮುಗಿಸಬಹುದು. ಬ್ರಿಟನ್ನಿನಿಂದ ಕಾಶ್ಮೀರಕ್ಕೆ ಕಳುಹಿದ ಮೊದಲ ಮೊಟ್ಟೆಗಳು ೧೮೯೯ರಲ್ಲಿ ದಾರಿಯಲ್ಲೇ ಹಾಳಾದವು; ೧೯೦೦ರಲ್ಲಿ ಬಂದವು ಉಳಿದವು. ಕುಲೂ ಕಣಿವೆಗೆ ಟ್ರೌಟ್ ಹೋದದ್ದು ೧೯೦೯ರಲ್ಲಿ. ದೆಹಲಿ ರಾಜಧಾನಿಯಾದ ಮೇಲೆ ಅಲ್ಲಿನ ಅಧಿಕಾರಿಗಳಿಗೆ ಈ ಎರಡು ಕಣಿವೆಗಳು ರಜೆಯ ತಾಣಗಳಾದವು. ವಾರದ ಕೊನೆಗೆ ಅಷ್ಟು ದೂರ ಹೋಗಲಾರದವರಿಗೆ ಓಖ್ಲಾ ಇತ್ತು. ಆಗ್ರಾ ಕಾಲುವೆಗಾಗಿ ಯಮುನೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು ೧೮೭೪ರಿಂದ ಅಲ್ಲಿ ಕೆಲಸ ಮಾಡತೊಡಗಿತು. ಕಟ್ಟೆಯ ಕೆಳಗಿನ ನೊರೆನೀರು ಗಾಳಗಾರರನ್ನು ಸೆಳೆಯುತ್ತಿತ್ತು. ಇಂದೂ ಓಖ್ಲಾದಲ್ಲಿ ನೊರೆಯಿದೆ. ಅದು ಸಾಬೂನು ಮತ್ತು ಚರಂಡಿಯ ನೊರೆ.

ಇನ್ನು ಗರಿಯ ವಿಷಯ. ಈ ಚರಿತ್ರೆಯ ಹುರುಳಿರುವುದು ಅದರಲ್ಲೇ.

ಬೂದುಬಣ್ಣದ ಕಾಡುಕೋಳಿ ದಕ್ಷಿಣ ಭಾರತಕ್ಕೆ ವಿಶಿಷ್ಟವಾದ ಹಕ್ಕಿ. ಉತ್ತರದಲ್ಲಿ ಅಬೂ ಪರ್ವತದವರೆಗೆ ಅದರ ನೆಲೆಯುಂಟು. ಹಿಮಾಲಯದ ತಪ್ಪಲಿನಲ್ಲಿರುವುದು ಬೇರೆ ಜಾತಿಯ ಕೆಂಪು ಕಾಡುಕೋಳಿ, ಊರಕೋಳಿಯ ಮೂಲಪುರುಷ. ಭಾರತದ ದಕ್ಷಿಣದಲ್ಲಿ ಸಂಚರಿಸಿದ ಫ್ರೆಂಚ್ ಪ್ರಕೃತಿಶಾಸ್ತ್ರಜ್ಞ ಸೊನರಾ ಎಂಬಾತನ ಹೆಸರನ್ನು ಟೆಮ್ಮಿಂಕ್ ೧೮೧೩ರಲ್ಲಿ ಈ ಹಕ್ಕಿಗೆ ಇಟ್ಟ. ಹುಂಜದ ಕೊರಳ ಗರಿಗಳು ಕಪ್ಪುಬೂದಿ ಬಣ್ಣದವು. ಒಂದೊಂದು ಗರಿಯಲ್ಲಿಯೂ ಎಳೆಗಳು ಅಲ್ಲಲ್ಲಿ ಒಂದಕ್ಕೊಂದು ಬೆಸೆದು, ಕೊಂಬಿನಂತೆ ನಯವಾದ ಚಪ್ಪಟೆಯ ಹರಳಾಗಿರುತ್ತವೆ. ತುದಿಯ ಹರಳು ಹಳದಿ, ಅದರ ಹಿಂದಿನದು ಬಿಳಿ. ನೀರಿನಲ್ಲಿ ನೆನೆದರೂ ಅದರ ಹೊಳಪು ಕುಂದದು. ಮರಿಮೀನಿನ ಕಣ್ಣನ್ನು ಹೋಲುವ ವಸ್ತುವನ್ನು ಹುಡುಕುತ್ತಿದ್ದ ನೊಣಗಾರರಿಗೆ ಇದಕ್ಕಿಂತ ಮಿಗಿಲಾದದ್ದು ಬೇರೆಲ್ಲೂ ಸಿಗಲಿಲ್ಲ. ಇನ್ನೊಂದು ವಿಶೇಷವುಂಟು. ಮಳೆಗಾಲದಲ್ಲಿ ಈ ಹುಂಜ ತನ್ನ ಕೊರಳ ಹರಳುಗರಿಗಳನ್ನು ಉದುರಿಸಿ, ಕೆಲವು ತಿಂಗಳು ಮಂಕಾದ ಕರಿಗರಿಗಳನ್ನು ತೊಟ್ಟಿರುತ್ತದೆ. ಆ ಕಾಲದಲ್ಲಿ ಅದರ ಕೊರಳಿಗೆ ಬೆಲೆಯಿಲ್ಲ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಕಾಟ್ಲೆಂಡ್, ಐರ್ಲೆಂಡುಗಳಲ್ಲಿ ಸಾಮನ್ ಮೀನಿಗೆಂದು ಕಟ್ಟುವ ನೊಣಗಳು ಅಲಂಕಾರದ ಪರಾಕಾಷ್ಠೆಗೆ ಹೋದವು. ಜಾಕ್ ಸ್ಕಾಟ್ ಎಂಬ ಪ್ರಸಿದ್ಧ ನೊಣವೊಂದಕ್ಕೇ ಹಲವು ದೇಶಗಳ ಹಕ್ಕಿಗಳ ಗರಿ ಬೇಕು. ಅದರ ಎರಡು ಪಕ್ಕಗಳಲ್ಲಿ ನಮ್ಮ ಕಾಡುಹುಂಜದ ಗರಿ. ೧೮೯೫ರಲ್ಲಿ ಜಾರ್ಜ್ ಕೆಲ್ಸನ್ ಎಂಬಾತ ಈ ನೊಣಗಳಿಗೇ ಮೀಸಲಾದ ದೊಡ್ಡ ಗ್ರಂಥವನ್ನು ಬರೆದು ಅವುಗಳ ಲಕ್ಷಣವನ್ನು ಧರ್ಮಶಾಸ್ತ್ರದಂತೆ ಕಟ್ಟುನಿಟ್ಟು ಮಾಡಿದ. ಸಾಮನ್ ಮೀನಿಗೆ ಇಷ್ಟೆಲ್ಲ ವೈಭವ ಬೇಕೆ ಎಂಬ ಸಂದೇಹ ಆ ಕಾಲದವರಲ್ಲಿಯೂ ಇತ್ತು. ಮೀನು ಕೇಳಲಿಲ್ಲ, ಕೊಳ್ಳುವವರು ಕೇಳಿದರು. ಒಂದು ನೊಣಕ್ಕೆ ಎಡಕ್ಕೊಂದು ಬಲಕ್ಕೊಂದು, ಒಂದೇ ಅಳತೆಯ ಎರಡು ಗರಿ. ಎರಡು ಗರಿಗಾಗಿ ಇಡೀ ಕೊರಳಿನ ಚರ್ಮವನ್ನೇ ಸುಲಿದು ಕಳುಹಿಸುವುದು ವ್ಯಾಪಾರದ ಪದ್ಧತಿ. ಕಾಡಿನಲ್ಲಿ ಉರುಳು ಒಡ್ಡಿದವನ ಹೆಸರು ಯಾವ ಲೆಕ್ಕದ ಪುಸ್ತಕಕ್ಕೂ ಬರಲಿಲ್ಲ. ಲಂಡನ್ನಿನ ಪಟ್ಟಿಗಳಲ್ಲಿ ಗರಿಗೆ 'ಜಂಗಲ್ ಕಾಕ್' ಎಂದು ಹೆಸರು ಬಿತ್ತು. ಯಾವ ಕಾಡು ಎಂದು ಕೇಳುವವರಿರಲಿಲ್ಲ.

ಗರಿಯ ವ್ಯಾಪಾರಕ್ಕೆ ಮೊದಲ ತಡೆ ಬಿದ್ದದ್ದು ೧೯೦೨ರಲ್ಲಿ. ಹೆಂಗಸರ ಟೋಪಿಗಳಿಗಾಗಿ ನಡೆಯುತ್ತಿದ್ದ ಪಕ್ಷಿಸಂಹಾರ ಅತಿಯಾದಾಗ, ಕರ್ಜನ್ನನ ಕಾಲದ ಭಾರತ ಸರ್ಕಾರವು ಕಾಡುಹಕ್ಕಿಗಳ ಚರ್ಮ ಮತ್ತು ಗರಿಗಳ ರಫ್ತನ್ನು ನಿಷೇಧಿಸಿತು. ಬ್ರಿಟನ್ನು ತನ್ನ ಕಡೆಯ ಬಾಗಿಲನ್ನು ಮುಚ್ಚಲು, ಗರಿಗಳ ಆಮದನ್ನು ತಡೆಯುವ ಕಾಯಿದೆಯನ್ನು ಮಾಡಲು, ೧೯೨೧ರವರೆಗೆ ಕಾಯಿತು. ಸ್ವತಂತ್ರ ಭಾರತದ ಸಂಸತ್ತು ದೆಹಲಿಯಲ್ಲಿ ೧೯೭೨ರಲ್ಲಿ ಅಂಗೀಕರಿಸಿದ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಾಡುಕೋಳಿಗೂ ರಕ್ಷಣೆ ಕೊಟ್ಟಿತು. ಆದರೂ ಗರಿಯ ಮೋಹ ಮನುಷ್ಯನನ್ನು ಎಲ್ಲಿಗೆ ಒಯ್ಯಬಲ್ಲುದು ಎಂಬುದಕ್ಕೆ ೨೦೦೯ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಟ್ರಿಂಗ್ ವಸ್ತುಸಂಗ್ರಹಾಲಯದಲ್ಲಿ ನಡೆದ ಕಳವು ಸಾಕ್ಷಿ. ಸಂಗೀತ ಕಲಿಯುತ್ತಿದ್ದ ಯುವಕನೊಬ್ಬ, ಕೆಲ್ಸನ್ನನ ಕಾಲದ ನೊಣಗಳನ್ನು ಕಟ್ಟುವ ಹುಚ್ಚಿನಿಂದ, ಶತಮಾನದ ಹಿಂದೆ ಸಂಗ್ರಹಿಸಿದ ೨೯೯ ಹಕ್ಕಿಗಳ ಚರ್ಮಗಳನ್ನು ಕಿಟಕಿ ಒಡೆದು ಹೊತ್ತೊಯ್ದ.

ಇಷ್ಟು ಕೇಳಿದ ಮೇಲೆ ಹುಸಿನೊಣ ಕಟ್ಟುವುದೆಂದರೆ ಅಪರೂಪದ ಹಕ್ಕಿಯನ್ನು ಕೊಲ್ಲಿಸುವ ವ್ಯಸನವೆಂದು ಓದುಗರಿಗೆ ತೋರಬಹುದು. ಹಾಗಲ್ಲ. ಮೀನು ಹಿಡಿಯುವ ನೊಣಕ್ಕೆ ಊರಕೋಳಿ ಸಾಕು. ಈಲಿಯನ್ನನ ಕಾಲದಿಂದಲೂ ಸಾಕಾಗಿದೆ. ವಿದೇಶದ ಅಂಗಡಿಗಳಲ್ಲಿ 'ಇಂಡಿಯನ್ ಕೇಪ್' ಎಂದು ಕಡಿಮೆ ಬೆಲೆಗೆ ಮಾರುವ ಕೊರಳಗರಿ ನಮ್ಮ ನಾಟಿಹುಂಜಗಳದೇ. ಹೊಸಬರು ಅದರ ಮೇಲೆಯೇ ಕೈ ಪಳಗಿಸಿಕೊಳ್ಳುವುದು.

ಈ ಕಸುಬಿನ ಉಪಕರಣಗಳಿಗೆಲ್ಲ ಕನ್ನಡದಲ್ಲಿ ಹೆಸರಿರುವುದು, ಅಥವಾ ಹೆಸರು ಹುಡುಕುವುದು ಕಷ್ಟವಲ್ಲದಿರುವುದು, ಕುತೂಹಲದ ಸಂಗತಿ. ಗಾಳವನ್ನು ಅಲುಗದಂತೆ ಹಿಡಿಯಲು ಸಣ್ಣದೊಂದು ವೈಸ್ ಬೇಕು. ಅಕ್ಕಸಾಲಿಗನ ಕೈವೈಸಿನ ತಮ್ಮ ಅದು. ಅದು ಬಳಕೆಗೆ ಬರುವ ಮೊದಲು, ಬಂದ ಮೇಲೂ ಬಹುಕಾಲ, ಹಳೆಯ ಕಸುಬುದಾರರು ಗಾಳವನ್ನು ಎಡಗೈ ಬೆರಳುಗಳಲ್ಲೇ ಹಿಡಿದು ಕಟ್ಟುತ್ತಿದ್ದರು. ದಾರದ ಉರುಳೆಯನ್ನು ಹಿಡಿದು ಕೊಳವೆಯ ಮೂಲಕ ಎಳೆಯನ್ನು ಬಿಡುವ ಬಾಬಿನ್ ಎರಡನೆಯದು. ಕೈಬಿಟ್ಟಾಗ ತನ್ನ ಭಾರದಿಂದಲೇ ಜೋತುಬಿದ್ದು ಎಳೆಯನ್ನು ಬಿಗಿಯಾಗಿಡುವುದು ಅದರ ಉಪಕಾರ. ಗರಿಯ ತುದಿಯನ್ನು ಕಚ್ಚಿ ಹಿಡಿಯುವ ಪುಟ್ಟ ಚಿಮಟ, ಮೊನಚು ತುದಿಯ ಕತ್ತರಿ, ಮೇಣದ ತುಣುಕು, ಇವು ಉಳಿದವು. ಇಂಗ್ಲಿಷರು ಬಾಡ್ಕಿನ್ ಎನ್ನುವುದು ನಮ್ಮ ದಬ್ಬಳವೇ.

ಕಟ್ಟುವ ವಿಧಾನವನ್ನು ಒಂದು ಸರಳವಾದ ನೊಣದಿಂದ ತಿಳಿಯಬಹುದು. ನವಿಲುಗರಿಯ ಮೈ, ಕೆಂಗಂದು ಹುಂಜದ ಕೊರಳಗರಿಯ ಕಾಲುಗಳು. ಕೋಚ್‌ಮನ್ ಎಂಬ ಪ್ರಸಿದ್ಧ ನೊಣದಿಂದ ಬಿಳಿಯ ರೆಕ್ಕೆಯನ್ನು ತೆಗೆದರೆ ಉಳಿಯುವುದು ಇದೇ. ಗಾಳದ ಬಾಗನ್ನು ವೈಸಿನ ಬಾಯಿಗೆ ಕೊಟ್ಟು, ದಂಟು ನೆಲಕ್ಕೆ ಸಮನಾಗಿರುವಂತೆ ಬಿಗಿಯಬೇಕು. ಕಣ್ಣಿನ ಹಿಂದೆ ಎಳೆಯನ್ನು ಹಿಡಿದು, ಅದರ ತುದಿಯ ಮೇಲೆಯೇ ಐದಾರು ಸುತ್ತು ಹಾಕಿದರೆ ಗಂಟಿಲ್ಲದೆಯೇ ಎಳೆ ನಿಲ್ಲುತ್ತದೆ. ತುದಿಯನ್ನು ಕತ್ತರಿಸಿ, ಸುತ್ತುಗಳನ್ನು ಒತ್ತೊತ್ತಾಗಿ ಬಾಗಿನವರೆಗೆ ಒಯ್ಯಬೇಕು. ನಯವಾದ ಉಕ್ಕಿನ ಮೇಲೆ ಗರಿ ನಿಲ್ಲದು. ಎಳೆಯ ಹಾಸು ಬೇಕು. ಅನಂತರ ನವಿಲುಗರಿಯ ಎರಡು ಮೂರು ಎಳೆಗಳನ್ನು ತುದಿಯ ಕಡೆಯಿಂದ ಕಟ್ಟಬೇಕು.

ಹೊಸಬನ ಕೈ ಸೋಲುವುದು ಇಲ್ಲಿಯೇ. ಎಳೆಯನ್ನು ಬಿಗಿದೊಡನೆ ಗರಿ ದಂಟಿನ ಮೇಲಿನಿಂದ ಆಚೆ ಪಕ್ಕಕ್ಕೆ ಜಾರುತ್ತದೆ. ಹೆಬ್ಬೆರಳು ತೋರುಬೆರಳುಗಳ ನಡುವೆ ಗರಿಯನ್ನೂ ದಂಟನ್ನೂ ಒಟ್ಟಿಗೆ ಹಿಡಿದು, ಬೆರಳುಗಳ ಸಂದಿನಲ್ಲಿಯೇ ಎಳೆಯನ್ನು ಸಡಿಲವಾಗಿ ಒಂದು ಸುತ್ತು ತಂದು, ಆಮೇಲೆ ನೇರವಾಗಿ ಕೆಳಕ್ಕೆ ಎಳೆದರೆ ಗರಿ ಇದ್ದಲ್ಲಿಯೇ ಕೂರುತ್ತದೆ. ಬಾಳೆನಾರಿನಲ್ಲ ಮಲ್ಲಿಗೆ ಕಟ್ಟುವ ಹೆಂಗಸರ ಬೆರಳು ಮಾಡುವುದು ಇದೇ ಕೆಲಸ: ತೊಟ್ಟನ್ನು ಬೆರಳುಗಳ ನಡುವೆ ನಿಲ್ಲಿಸಿ, ಸಡಿಲ ಕುಣಿಕೆಯನ್ನು ಅದರ ಮೇಲೆ ತಂದು, ಹೂವು ನಲುಗದಂತೆ ಜಗ್ಗುವುದು. ಹೂ ಕಟ್ಟಬಲ್ಲವರಿಗೆ ಈ ಹಂತವನ್ನು ಕಲಿಸಬೇಕಾಗಿಲ್ಲ.

ನವಿಲಿನ ಎಳೆ ಬಹಳ ಮೃದು. ಮೀನಿನ ಹಲ್ಲಿಗೆ ಒಂದೇ ಸಲಕ್ಕೆ ಹರಿದುಹೋಗುತ್ತದೆ. ಅದನ್ನು ಕಟ್ಟುವ ದಾರದೊಡನೆ ಹುರಿಗೊಳಿಸಿ ಸುತ್ತುವುದು ಹಳೆಯ ಉಪಾಯ. ಹೀಗೆ ಮುಂದಕ್ಕೆ ಸುತ್ತುತ್ತ ಬಂದವನು ಕಣ್ಣಿಗೆ ಸ್ವಲ್ಪ ಮುಂಚೆಯೇ ನಿಲ್ಲಬೇಕು. ನಿಲ್ಲದಿದ್ದರೆ ಕೊರಳಗರಿಗೂ ತಲೆಗೂ ಜಾಗವಿರುವುದಿಲ್ಲ, ಕಣ್ಣು ಮುಚ್ಚಿಹೋಗುತ್ತದೆ. ಹೊಸಬರ ನೊಣಗಳಲ್ಲಿ ಹತ್ತಕ್ಕೆ ಎಂಟು ಕೆಡುವುದು ಈ ತಪ್ಪಿನಿಂದ. ಕೊರಳಗರಿಯ ಬುಡದ ತುಪ್ಪುಳನ್ನು ಕಿತ್ತು, ಬುಡವನ್ನು ಕಟ್ಟಿ, ತುದಿಯನ್ನು ಚಿಮಟದಲ್ಲಿ ಹಿಡಿದು ಮೂರು ನಾಲ್ಕು ಸುತ್ತು ತಂದರೆ ಅದರ ಎಳೆಗಳು ಸುತ್ತಲೂ ಕೀಟದ ಕಾಲುಗಳಂತೆ ನಿಲ್ಲುತ್ತವೆ. ಈ ಎಳೆಗಳು ಗಾಳದ ಬಾಯಿಯ ಅಗಲಕ್ಕೆ ಸುಮಾರು ಒಂದೂವರೆಯಷ್ಟು ಉದ್ದವಿರಬೇಕು. ಕೊನೆಗೆ ದಾರದ ತುದಿಯನ್ನು ಅದರದೇ ಸುತ್ತುಗಳ ಅಡಿಯಲ್ಲಿ ಹೂತು ಎಳೆದುಬಿಟ್ಟರೆ ಗಂಟು ಕಾಣದು, ಬಿಚ್ಚದು. ದಬ್ಬಳದ ತುದಿಯಿಂದ ಒಂದು ಹನಿ ವಾರ್ನಿಷ್ ಮುಟ್ಟಿಸಿದರೆ ತಲೆ ಗಟ್ಟಿ.

ದೆಹಲಿಯಲ್ಲಿರುವವರಿಗೆ ಇದರ ಸಾಮಗ್ರಿ ದೂರವಿಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ರಿಡ್ಜ್ ಕಾಡಿನ ಅಂಚಿನಲ್ಲಿ ನವಿಲುಗಳು ಗರಿ ಉದುರಿಸುತ್ತವೆ. ನವಿಲು ೧೯೬೩ರಿಂದ ರಾಷ್ಟ್ರಪಕ್ಷಿ. ತಾನಾಗಿ ಉದುರಿದ ಬಾಲದ ಗರಿಗೆ ಮಾತ್ರ ಕಾನೂನು ದೇಶದೊಳಗೆ ರಿಯಾಯಿತಿ ಕೊಟ್ಟಿದೆ, ಹೊರದೇಶಕ್ಕೆ ಕಳುಹಿಸಲು ಕೊಟ್ಟಿಲ್ಲ. ಕೊರಳಗರಿಗೆ ನಾಟಿಹುಂಜವೇ ಆಗಬೇಕು. ಆರು ವಾರಕ್ಕೆ ಕತ್ತಿಗೆ ಬೀಳುವ ಬ್ರಾಯ್ಲರ್ ಕೋಳಿಗೆ ಗರಿ ಬಲಿಯುವಷ್ಟು ಆಯುಸ್ಸಿಲ್ಲ. ಗಾಜಿಪುರದ ಕೋಳಿಮಾರುಕಟ್ಟೆಯಲ್ಲಿ ಕಸಕ್ಕೆ ಹೋಗುವ ಕೊರಳನ್ನು ಕೇಳಿ ತಂದು, ಸಾಬೂನು ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ, ನುಸಿಗುಳಿಗೆಯೊಡನೆ ಮುಚ್ಚಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ.

ನೊಣಕ್ಕಾಗಲಿ ಎರೆಗಾಗಲಿ ಬರಬೇಕಾದ ಮೀನಿನ ಸ್ಥಿತಿಯೇ ಬೇರೆ. ೧೯೪೬ರ ಮಾರ್ಚಿಯಲ್ಲಿ ಮೈಸೂರಿನ ಪ್ರಸಿದ್ಧ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿ ಹೊಳೆಯಲ್ಲಿ ಹಿಡಿದ ಮಹಸೀರ್ ೧೨೦ ಪೌಂಡು ತೂಗಿತು. ಆ ದಾಖಲೆಯ ಮೀನು ಯಾವ ಜಾತಿಯದೆಂಬುದು ಶಾಸ್ತ್ರಜ್ಞರಿಗೆ ಖಚಿತವಾದದ್ದು ೨೦೧೮ರಲ್ಲಿ. ಕಾವೇರಿ ಮತ್ತು ಅದರ ಉಪನದಿಗಳಲ್ಲಲ್ಲದೆ ಜಗತ್ತಿನಲ್ಲಿ ಇನ್ನೆಲ್ಲಿಯೂ ಇಲ್ಲದ ಆ ಗೂನುಬೆನ್ನಿನ ಮಹಸೀರಿಗೆ 'ಟಾರ್ ರೆಮಾದೇವಿ' ಎಂಬ ಶಾಸ್ತ್ರೀಯ ನಾಮ ಸಲ್ಲುವುದೆಂದು ನಿರ್ಣಯವಾದ ಅದೇ ವರ್ಷ, ಅದನ್ನು ತೀವ್ರ ವಿನಾಶದ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿಸಲಾಯಿತು. ಕಾವೇರಿ ತೀರದ ಗಾಳಗಾರರ ಶಿಬಿರಗಳಲ್ಲಿ ಗಾಳ ಹಾಕುವುದು ವನ್ಯಧಾಮದ ನಿಯಮಗಳಿಂದ ಅದಕ್ಕೂ ಮುಂಚೆಯೇ ನಿಂತಿತ್ತು. ಗಾಳಗಾರರಿದ್ದಾಗ ಹೊಳೆಗೆ ಸಿಡಿಮದ್ದು ಎಸೆಯುವವರ ಮೇಲೆ ಒಂದು ಕಣ್ಣಿರುತ್ತಿತ್ತು ಎಂಬ ವಾದವೂ ಇದೆ. ಥಾಮಸನ ಆತಂಕ ಒಂದೂವರೆ ಶತಮಾನ ಕಳೆದರೂ ಹಳತಾಗಿಲ್ಲ.

ಕಾಡುಹುಂಜದ ಗತಿ ಅಷ್ಟು ಕೆಟ್ಟದ್ದಲ್ಲ. ವಿದೇಶಗಳಲ್ಲಿ ನೊಣಕ್ಕೆ ಬೇಕಾದ ಹರಳುಗರಿಯನ್ನು ಈಗ ಪಂಜರದಲ್ಲಿ ಸಾಕಿದ ಹಕ್ಕಿಗಳಿಂದ ಪಡೆಯುತ್ತಾರೆ; ಅಷ್ಟು ಬೆಲೆ ತೆರಲಾರದವರು ಪ್ಲಾಸ್ಟಿಕ್ಕಿನ ಚುಕ್ಕೆ ಅಂಟಿಸುತ್ತಾರೆ. ಅಂಗಡಿಯ ಪಟ್ಟಿಯಲ್ಲಿ ಅದರ ಹೆಸರು ಇಂದಿಗೂ 'ಜಂಗಲ್ ಕಾಕ್' ಎಂದೇ. ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿದಾಗ ಹುಂಜಗಳು ಕೊರಳ ಗರಿಯನ್ನು ಉದುರಿಸುತ್ತವೆ. ಬಿದ್ದ ಗರಿ ದರಗಿನಲ್ಲಿ ಸೇರಿ ಕೊಳೆಯುತ್ತದೆ, ಮಳೆ ಹಿಂಜರಿದ ಮೇಲೆ ಹೊಸದು ಹುಟ್ಟುತ್ತದೆ.